ನೀರಿನಾಗ ನೌಕರಿ

ಇನ್ನೊಬ್ಬರಿಗೆ ದಾರಿ ತೋರಿಸುವುದರಲ್ಲಿ ಒಂದು ಸುಖವಿದೆ. ಆ ದಾರಿಯಲ್ಲಿ ನಾವು ನಡೆಯಬೇಕಾಗಿಲ್ಲ. ಬೀದರಿನ ಬಸ್ ನಿಲ್ದಾಣದಲ್ಲಿ ಯಾರಾದರೂ “ಔರಾದ್ ಬಸ್ ಎಲ್ಲಿ ನಿಂದರ್ತದ್ರಿ?” ಎಂದು ಕೇಳಿದರೆ ಸಾಕು, ಬೆಂಚಿನ ಮೇಲೆ ಕುಳಿತವರೆಲ್ಲ ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ. ಅವುಗಳಲ್ಲಿ ಒಂದು ಕೈ ನನ್ನದು. ಭಾಲ್ಕಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಕಲಿಸುವುದು ನನ್ನ ಉದ್ಯೋಗ, ಅದಕ್ಕಾಗಿ ಬೀದರಿನಿಂದ ದಿನಾ ಬಸ್ಸಿನಲ್ಲಿ ನಿಂತು ಹೋಗುವುದು ನನ್ನ ವ್ಯಾಯಾಮ, ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದು ನನ್ನ ಹವ್ಯಾಸ. ಮೂರರಲ್ಲಿ ಹವ್ಯಾಸವೊಂದೇ ನಾನು ಮನಸ್ಸಿಟ್ಟು ಮಾಡುವ ಕೆಲಸ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಹೋದ ವರ್ಷ ಪರೀಕ್ಷೆಗೆ ಮುಂಚೆ ನಮ್ಮ ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನದ ಕಾರ್ಯಕ್ರಮ ಇಟ್ಟಿದ್ದರು. ಜಲವಿಜ್ಞಾನ ಮತ್ತು ಹವಾಮಾನ ಬದಲಾವಣೆಯ ಸಂಶೋಧನೆಯಲ್ಲಿ ಉದ್ಯೋಗಾವಕಾಶಗಳು ಎಂಬ ವಿಷಯದ ಮೇಲೆ ಮಾತನಾಡಬೇಕಾಗಿದ್ದ ಅತಿಥಿಗಳು ಕೊನೆಯ ಗಳಿಗೆಯಲ್ಲಿ ನೆಗಡಿ ಎಂದು ಫೋನು ಮಾಡಿದರು. ಪ್ರಿನ್ಸಿಪಾಲರು ನೇರವಾಗಿ ನನ್ನ ಕುರ್ಚಿಯ ಬಳಿಗೆ ಬಂದರು. “ನಾನಾ? ನನಗೇನು ಗೊತ್ತದರಿ ಸರ್?” ಎಂದೆ. “ಭೂಮಿ ಮ್ಯಾಲ ಮೂರು ಭಾಗ ನೀರೇ ಅದ ಅಂತ ಪ್ರತಿ ವರ್ಷ ಪಾಠ ಹೇಳೋರು ಯಾರು? ಹೇಳ್ರಿ ಮತ್ತ” ಎಂದು ನಕ್ಕು ಹೋದರು.

ಮಧ್ಯಾಹ್ನದ ತನಕ ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿಕೊಂಡೆ. ಓದುತ್ತಾ ಹೋದಂತೆ ನನಗೇ ಆಶ್ಚರ್ಯವಾಯಿತು. ಅಂತರ್ಜಲ ಅಳೆಯುವವರು ಬೇಕಂತೆ, ಮಳೆಯ ನಡತೆ ಲೆಕ್ಕ ಹಾಕುವವರು ಬೇಕಂತೆ, ಕಂಪ್ಯೂಟರಿನೊಳಗೆ ನದಿ ಹರಿಸಿ ಪ್ರವಾಹ ಬರುವುದನ್ನು ಮೊದಲೇ ಹೇಳುವವರು ಬೇಕಂತೆ, ಬಿಸಿಲಿಗೆ ತಕ್ಕ ಬೆಳೆ ಯಾವುದೆಂದು ಹುಡುಕುವವರು ಬೇಕಂತೆ. ಹುರುಪಿನಲ್ಲಿ ವೇದಿಕೆ ಹತ್ತಿದವನು ಮಾಂಜ್ರಾ ನದಿಯಿಂದ ಹೊರಟು, ಬೀದರಿನ ಸುರಂಗ ಬಾವಿಯಲ್ಲಿ ಇಳಿದು, ಹಿಮಾಲಯದ ಹಿಮದ ಮೇಲೆ ನಿಂತೆ. ಮಾತು ಮುಗಿದಾಗ ಜೋರು ಚಪ್ಪಾಳೆ ಬಿತ್ತು, ಮುಗಿದದ್ದಕ್ಕೋ ಏನೋ. ಆಗ ವಿಜ್ಞಾನ ವಿಭಾಗದ ಅಶ್ವಿನಿ ಎದ್ದು ನಿಂತಳು. ಸಾಯಗಾಂವದಿಂದ ಬರುವ ಹುಡುಗಿ, ಮಾತು ಕಮ್ಮಿ. “ಸರ್, ಇದು ಇಷ್ಟು ಛಲೋ ಅದ ಅಂದ್ರ, ನೀವ್ಯಾಕ ಓದ್ಲಿಲ್ರಿ?” ಎಂದಳು. “ನಮ್ಮ ಕಾಲಕ್ಕ ಹವಾಮಾನ ಇನ್ನೂ ಬದಲಾಗಿರ್ಲಿಲ್ಲವ್ವಾ” ಎಂದು ತಪ್ಪಿಸಿಕೊಂಡೆ. ಎಲ್ಲರೂ ನಕ್ಕರು, ಅವಳು ಮಾತ್ರ ನಗಲಿಲ್ಲ. ನನ್ನ ಭಾಷಣವನ್ನು ನಂಬಿಬಿಟ್ಟಿದ್ದಾಳೆ ಎಂದು ಆಗಲೇ ನನಗೆ ಅನುಮಾನ ಬಂತು.

ಅನುಮಾನ ಮರುದಿನ ಬೆಳಿಗ್ಗೆ ಅವಳ ಅಪ್ಪನ ರೂಪದಲ್ಲಿ ಸ್ಟಾಫ್ ರೂಮಿಗೆ ಬಂತು. ಅಪ್ಪನ ಹೆಸರು ಧನರಾಜ. ಭಾಲ್ಕಿಯಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ; ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾನೆ. “ಕೂಡ್ರಿ” ಎಂದರೂ ಕುಳಿತುಕೊಳ್ಳಲಿಲ್ಲ.

“ಸರ್, ನನ್ನ ಮಗಳ ತಲ್ಯಾಗ ಏನು ತುಂಬೀರಿ? ನರ್ಸಿಂಗ್ ಮಾಡ್ತೇನಿ ಅಂತಿದ್ದಾಕಿ, ನಿನ್ನಿ ಸಂಜಿಯಿಂದ ನೀರು ನೀರು ಅನ್ಲತ್ತಾಳ. ಜಡ್ಡು ಇರೋತನ ನರ್ಸ್ ಬೇಕಾಗ್ತಾರ. ನೀರಿನಾಗ ಯಾರು ನೌಕರಿ ಕೊಡ್ತಾರ?”

“ನೀರಡಿಕಿ ಇರೋತನ ನೀರೂ ಬೇಕಲ್ರಿ ಧನರಾಜರ” ಎಂದೆ, ನಿನ್ನೆಯ ಚಪ್ಪಾಳೆಯ ಧೈರ್ಯದಲ್ಲಿ.

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಖರೇ ಹೇಳ್ಲೇನ್ರಿ? ನೀರು ಕೆಳಗ ಹೋದಂಗ ಬೋರಿನಾಗ ಮೋಟಾರ್ ಒಣಾ ಓಡಿ ಸುಡ್ತಾವ. ಅವು ಸುಟ್ರ ನನ್ನ ಧಂಧಾ. ಮನಿ ನಡ್ಯೋದೇ ಅದರ ಮ್ಯಾಲ. ನನ್ನ ಮಗಳೇ ಹೋಗಿ ನೀರು ಮ್ಯಾಲ ತಂದ್ಲಂದ್ರ ನಾ ಎಲ್ಲಿಗಿ ಹೋಗ್ಲಿ?”

ನನ್ನ ಜೀವಮಾನದಲ್ಲಿ ಜಲವಿಜ್ಞಾನಕ್ಕೆ ಇಷ್ಟು ದೊಡ್ಡ ಗೌರವ ಕೊಟ್ಟವರನ್ನು ನಾನು ಕಂಡಿಲ್ಲ. ಆದರೆ ಅವನ ಮುಖ ನೋಡಿದರೆ ನಗುವಂತಿರಲಿಲ್ಲ. ಹುಡುಗಿಯ ಮುಂದಿನ ಬಾಳು ನನ್ನ ಒಂದು ಮಧ್ಯಾಹ್ನದ ಭಾಷಣದ ಮೇಲೆ ನಿಂತಿದೆ ಎಂಬುದು ಹೊಳೆಯಿತು. ನನಗೆ ಗೊತ್ತಿದ್ದದ್ದೆಲ್ಲ ಮೊಬೈಲಿನಲ್ಲಿ ಓದಿದ್ದು. ಆಗ ಸುಜಾತಾ ನೆನಪಾದಳು. ಔರಾದಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಎಂಎಸ್ಸಿ ಮುಗಿಸಿ ಒಂದು ಸಂಶೋಧನಾ ಯೋಜನೆಯಲ್ಲಿ ತನ್ನೂರಿನ ಸುತ್ತಮುತ್ತಲೇ ಬಾವಿಗಳ ಅಧ್ಯಯನ ಮಾಡುತ್ತಿದ್ದಾಳೆಂದು ಕೇಳಿದ್ದೆ. “ರವಿವಾರ ಒಮ್ಮಿ ಹೋಗಿ ನೋಡಿ ಬರೋಣು. ಆಮ್ಯಾಲ ನರ್ಸಿಂಗ್ ಅಂದ್ರ ನರ್ಸಿಂಗ್” ಎಂದೆ. ಧನರಾಜ ಒಪ್ಪಿದ. ನನ್ನ ಬಾಯಿ ಮುಚ್ಚಿಸಲಿಕ್ಕೆ ಅದೇ ಹತ್ತಿರದ ದಾರಿ ಎನಿಸಿರಬೇಕು.

ರವಿವಾರ ನಾವು ಮೂವರೂ ಔರಾದಿನಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದೆವು. ತೊಗರಿ ಕೊಯ್ದ ಕಪ್ಪು ಹೊಲದ ನಡುವೆ ಒಂದು ಬಾವಿ, ಅದರ ಕಟ್ಟೆಯ ಮೇಲೆ ಟೊಪ್ಪಿಗೆ ಹಾಕಿಕೊಂಡ ಸುಜಾತಾ. ದೂರದಿಂದ ನೋಡಿದ ಧನರಾಜ ನನ್ನ ಕಿವಿಯಲ್ಲಿ, “ಎಂಎಸ್ಸಿ ಮಾಡಿ ಬಾವಿ ಇಣಕ್ಲತ್ತಾಳಲ್ರಿ. ನಮ್ಮೂರಾಗ ಸಾಲಿ ಕಲೀದೋರೂ ಇಣಕ್ತಾರ” ಎಂದ. ಅದು ಅವಳಿಗೆ ಕೇಳಿಸಿಯೇಬಿಟ್ಟಿತು. “ಬರ್ರಿ ಕಾಕಾ, ನೀವೂ ಇಣಕ್ರಿ” ಎಂದು ನಗುತ್ತ ಕರೆದಳು. ಅವಳ ಕೈಯಲ್ಲಿ ಗಾಲಿಗೆ ಸುತ್ತಿದ ಉದ್ದನೆಯ ಟೇಪು, ತುದಿಗೆ ಉಕ್ಕಿನ ತುಂಡು. ನೀರು ಮುಟ್ಟಿದ ಕೂಡಲೇ ಗಾಲಿ ‘ಪೀಂ’ ಎನ್ನುತ್ತದೆ. ಅಲ್ಲಿಗೆ ನೀರು ಎಷ್ಟು ಆಳದಲ್ಲಿದೆ ಎಂಬುದು ಗೊತ್ತಾಗುತ್ತದೆ.

ಧನರಾಜ ಟೇಪು ಇಸಿದುಕೊಂಡು ಇಳಿಸಿದ. ಪೀಂ. ಮೇಲೆತ್ತಿ ಮತ್ತೆ ಇಳಿಸಿದ. ಪೀಂ. ಕೂದಲು ನೆರೆತ ಆಸಾಮಿ ಹೊಸ ಗಿಲಕಿ ಸಿಕ್ಕ ಕೂಸಿನಂತೆ ಆಗಿಬಿಟ್ಟ. “ಅಪ್ಪಾ, ನನಗರ ಕೊಡು!” ಎಂದು ಅಶ್ವಿನಿ ಕಸಿದುಕೊಳ್ಳಬೇಕಾಯಿತು.

ಆಮೇಲೆ ಬೇವಿನ ನೆರಳಿನಲ್ಲಿ ಕುಳಿತು, ಸುಜಾತಾ ತಂದಿದ್ದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತ ಮಾತಾಡಿದೆವು. ಬಿಎಸ್ಸಿಯಲ್ಲಿ ಭೂವಿಜ್ಞಾನ ಓದಿದ್ದು, ಎಂಎಸ್ಸಿಯಲ್ಲಿ ನೀರನ್ನೇ ವಿಷಯವಾಗಿ ಆರಿಸಿಕೊಂಡದ್ದು, ಮುಂದೆ ಪಿಎಚ್‌ಡಿ ಮಾಡುವ ಆಸೆ, ಎಲ್ಲವನ್ನೂ ಹೇಳಿದಳು. “ಮಳಿ ಕಮ್ಮಿ ಆಗ್ಯದ ಅಂತ ಎಲ್ಲಾರೂ ಅಂತಾರ ಕಾಕಾ. ಕಮ್ಮಿ ಆಗ್ಯದೋ, ಒಮ್ಮೆಲೇ ಸುರ್ದು ಹರ್ದು ಹೋಗ್ಲತ್ತದೋ, ಅದು ಅಳದ್ರ ಗೊತ್ತಾಗ್ತದ. ಗೊತ್ತಾದ್ರ ಯಾವ ಬಾವಿ ಯಾವಾಗ ಬತ್ತಬಹುದು ಅಂತ ಮೊದಲೇ ಹೇಳ್ಬಹುದು. ನೌಕರಿ ಹುಡುಕಬೇಕಾಗ್ತದ, ಸುಳ್ಳು ಹೇಳಂಗಿಲ್ಲ. ಬಿಸಿಲಾಗ ತಿರುಗಬೇಕಾಗ್ತದ. ಆದ್ರ ಕೆಲಸಕ್ಕ ಕಮ್ಮಿ ಇಲ್ಲ.” ನನ್ನ ಭಾಷಣದಲ್ಲಿ ಹುಡುಕುವುದೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಧನರಾಜ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದ. ಅಶ್ವಿನಿ ನನ್ನನ್ನು ನೋಡುವಳು, ನಾನು ಅವಳನ್ನು ನೋಡುವೆ. ಕೊನೆಗೆ ಅವನೇ ಬಾಯಿ ಬಿಟ್ಟ. “ಸರ್, ನನ್ನ ಕೈಗಿ ಬರೋದೆಲ್ಲಾ ಸುಟ್ಟ ಮ್ಯಾಲ ಬರ್ತದರಿ. ರೈತ ಅಂಗಡಿಗಿ ಬಂದಾಗ ಅವನ ಮಾರಿನೂ ಸುಟ್ಟಂಗೇ ಇರ್ತದ. ಮಗಳು ಸುಡೂಕಿಂತ ಮೊದಲ ಹೇಳ್ತಾಳಂದ್ರ ಹೇಳ್ಲಿ ಬಿಡ್ರಿ. ನನ್ನ ಧಂಧಾಕ್ಕೇನು? ಫ್ಯಾನ್ ಸುಡ್ತಾವ, ಮಿಕ್ಸರ್ ಸುಡ್ತಾವ.” ಅಶ್ವಿನಿ ಅಪ್ಪನ ತೋಳು ಹಿಡಿದುಕೊಂಡಳು. ನಾನು ಕನ್ನಡಕ ಒರೆಸಿಕೊಂಡೆ. ಆ ರಸ್ತೆಯಲ್ಲಿ ಧೂಳು ಬಹಳ.

ಅಶ್ವಿನಿ ಬೀದರಿನಲ್ಲಿ ಬಿಎಸ್ಸಿ ಸೇರಿದಳು. ನನ್ನ ಕೀರ್ತಿಯೂ ಹಬ್ಬಿತು. ಭಾತಂಬ್ರಾದಿಂದ, ಬಗದಲ್‌ನಿಂದ ತಂದೆ ತಾಯಿಗಳು ಫೋನು ಮಾಡಿ ಮಕ್ಕಳ ಭವಿಷ್ಯ ಕೇಳತೊಡಗಿದರು. ಮೊನ್ನೆ ಒಂದು ಬೆಳಿಗ್ಗೆ ಅಂಥ ಒಬ್ಬ ತಂದೆಗೆ, ಮುಂದಿನ ಯುದ್ಧ ನೀರಿಗಾಗಿಯೇ ನಡೆಯುತ್ತದೆ, ಹನಿ ಹನಿಯನ್ನೂ ಕಾಯುವವರು ಬೇಕಾಗುತ್ತಾರೆ ಎಂದು ಅಂಗಳದಲ್ಲಿ ಅಡ್ಡಾಡುತ್ತ ಗಟ್ಟಿ ದನಿಯಲ್ಲಿ ಹೇಳುತ್ತಿದ್ದೆ. ಗೇಟಿನ ಬಳಿ ಅಶ್ವಿನಿ ನಿಂತಿದ್ದಳು. ಮನೆಗಳಲ್ಲಿ ನೀರು ಹೇಗೆ ಪೋಲಾಗುತ್ತದೆ ಎಂದು ನೋಡಿ ಬರೆಯಲು ಅವಳ ಕಾಲೇಜಿನವರು ನಮ್ಮ ಓಣಿಯನ್ನೇ ಕೊಟ್ಟಿದ್ದರಂತೆ. ನಾನು ಫೋನು ಇಡುವ ತನಕ ಪಾಪ, ಕಾದಳು. ಆಮೇಲೆ ಮೆಲ್ಲಗೆ, “ಸರ್, ನಿಮ್ಮ ಮನಿ ಮ್ಯಾಲಿನ ಟಾಕಿ ತುಂಬಿ ಓಣಿ ತನಕ ಹರೀಲತ್ತದರಿ. ಬಾಜೂ ಮನಿಯವರು ಅದರಾಗೇ ಗಾಡಿ ತೊಳ್ಕೊಂಡು ಹೋದ್ರು” ಎಂದಳು.

ಓಡಿಹೋಗಿ ಮೋಟಾರು ಬಂದ್ ಮಾಡಿದೆ. ಒದ್ದೆ ಕಾಲಿನಲ್ಲಿ ತಿರುಗಿ ಬಂದಾಗ ಅವಳು ಪೆನ್ನು ಹಿಡಿದು ಸಂಕೋಚದಿಂದ ನಿಂತಿದ್ದಳು. “ಹೆದರಬ್ಯಾಡ್ರಿ ಸರ್. ನಿಮ್ಮ ಹೆಸರು ಹಾಕಂಗಿಲ್ಲ. ಒಬ್ಬ ಉಪನ್ಯಾಸಕರ ಮನಿ ಅಂತಷ್ಟೇ ಬರೀತೇನಿ.”

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: “ಹಾಕವ್ವಾ, ಹೆಸರು ಹಾಕು! ಇಷ್ಟು ವರ್ಷಾತು, ಸಂಶೋಧನಾದಾಗ ಅವರ ಹೆಸರು ಒಮ್ಮಿಯರ ಬರ್ಲಿ.”