ಎರಡು ಇಂಚು ಇಳಿಸಿದ ಕೆಂಪು ಕಾರು

ಕೊಂಡರೆ ಕಾರನ್ನೇ ಕೊಳ್ಳಬೇಕು, ನಾಲ್ಕು ಚಕ್ರದ ತಗಡಿನ ಡಬ್ಬವನ್ನಲ್ಲ ಎಂದು ಇಂಚ್ ಮಾಸ್ಟ್ರು ಕೈಯಲ್ಲಿ ಕತ್ತರಿ ಹಿಡಿದೇ ಘೋಷಿಸಿಬಿಟ್ಟರು! ಮೂವತ್ತು ವರ್ಷದಿಂದ ಊರವರಿಗೆ ಕೋಟು, ಪ್ಯಾಂಟು, ಗೌನು ಹೊಲಿಯುತ್ತ ಬಂದ ದರ್ಜಿ ಅವರು. ಅಳತೆ ತಪ್ಪಿದೆ ಅಂತ ಒಂದು ಕರವಸ್ತ್ರವೂ ಅಂಗಡಿಗೆ ವಾಪಸ್ಸು ಬಂದದ್ದಿಲ್ಲ. ಹೆಸರಿನ ಹಿಂದೆ ಊರವರು ಅಂಟಿಸಿದ ‘ಇಂಚ್’ ಅವರ ಪಾಲಿಗೆ ಬಿರುದು. ಡಾಕ್ಟರೇಟಿಗಿಂತ ಒಂದು ಗುಂಡಿ ಮೇಲೆ.

“ಸ್ಪೋರ್ಟ್ಸ್ ಕಾರೇ ತಗೊಳ್ತೀನಿ. ಹಳೇದಾದ್ರೂ ಪರವಾಗಿಲ್ಲ. ದಿನಾ ಓಡಿಸೋಕೂ ಆಗಬೇಕು, ಜನ ಕತ್ತು ತಿರುಗಿಸಿ ನೋಡೋ ಹಾಗೂ ಇರಬೇಕು!”

“ದಿನಾ ಯಾರನ್ನ ಕೂರಿಸ್ಕೊಂಡು ಓಡಿಸೋದು ಅಂತ ನೆನಪಿದೆಯಾ?” ಶಾಲೆಯ ಉತ್ತರಪತ್ರಿಕೆಗಳಿಂದ ತಲೆ ಎತ್ತದೆಯೇ ಹೆಂಡತಿ ಕೇಳಿದಳು.

ನೆನಪಿಲ್ಲದೆ ಏನು! ಅತ್ತೆಗೆ ಸೊಂಟದ ಆಪರೇಷನ್ ಆಗಿ ಮೂರು ತಿಂಗಳು. ದಿನಾ ಬೆಳಿಗ್ಗೆ ವ್ಯಾಯಾಮದ ಡಾಕ್ಟರಮ್ಮನ ಹತ್ತಿರ ಕರೆದೊಯ್ಯಬೇಕು. ಬಾಡಿಗೆ ಕಾರುಗಳೋ, ಕರೆದರೆ ಬರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ. ಅದಕ್ಕೇ ಹೆಂಡತಿ ಅಡುಗೆಮನೆಗೆ ಹೊಸ ಕಟ್ಟೆ ಹಾಕಿಸಲು ಕೂಡಿಟ್ಟಿದ್ದನ್ನೆಲ್ಲ ಗಂಡನ ಕೈಗಿಟ್ಟಿದ್ದಳು.

“ನನ್ನದು ಒಂದೇ ಕರಾರು. ಅಮ್ಮನ್ನ ಬಾಗಿಲಿಂದ ಬಾಗಿಲಿಗೆ ಕರ್ಕೊಂಡು ಹೋಗಿ ಬರಬೇಕು. ಆಗಲಿಲ್ವಾ, ಕಾರು ವಾಪಸ್ಸು.”

“ಬಾಗಿಲಿಂದ ಬಾಗಿಲಿಗೇನು, ಸೋಫಾದಿಂದ ಸೋಫಾಕ್ಕೇ ಇಳಿಸ್ತೀನಿ!” ಎಂದು ಮಾಸ್ಟ್ರು ಎದೆಯುಬ್ಬಿಸಿದರು. ಎದೆಗಿಂತ ಮೊದಲು ಹೊಟ್ಟೆಯೇ ಉಬ್ಬಿತೆಂಬುದು ಬೇರೆ ಮಾತು.

ಹಳೆ ಕಾರುಗಳ ಅಂಗಳದಲ್ಲಿ ಮಾಸ್ಟ್ರು ಕೊರಳಿನ ಟೇಪು ತೆಗೆದು ಕೆಲಸಕ್ಕಿಳಿದರು. ಬಾಗಿಲಿನ ಎತ್ತರ, ಸೀಟಿನಿಂದ ಚಾವಣಿ, ಅತ್ತೆಯ ಮಂಡಿಗೆ ಜಾಗ, ಅತ್ತೆಯ ಊರುಗೋಲಿಗೆ ಜಾಗ ಎಲ್ಲವೂ ಚೀಟಿಗೆ ಏರಿದವು. “ಜನ ಬಂದು ಟೈರಿಗೆ ಒದೀತಾರೆ ಸಾರ್. ಕಾರಿನ ಅಳತೆ ತಗೊಂಡವರು ನೀವೇ ಮೊದಲು,” ಎಂದ ವ್ಯಾಪಾರಿ.

ಮೊದಲನೆಯ ಕಾರಿಗೆ ಹೆಗಲು ಅಗಲ, ಸೊಂಟ ಬಿಗಿ. ಎರಡನೆಯದಕ್ಕೆ ಹೊಸ ಬಣ್ಣದಡಿಯಲ್ಲಿ ಹಳೆ ತೇಪೆ! ಮೂರನೆಯದು ಮಾತ್ರ ಬೆನ್ನಿಗೆ ಪುಟ್ಟ ರೆಕ್ಕೆ ಸಿಕ್ಕಿಸಿಕೊಂಡು ಕೆಂಪಗೆ ನೆಲಕ್ಕಂಟಿ ಕೂತಿತ್ತು. ನಾಲ್ಕು ಬಾಗಿಲು, ಒಳ್ಳೆಯ ಎಂಜಿನ್ನು, ಕೈಗೆಟುಕುವ ಬೆಲೆ.

“ಮೊದಲಿನ ಓನರ್ ಸ್ಪ್ರಿಂಗ್ ಕತ್ತರಿಸಿ ಎರಡು ಇಂಚು ಇಳಿಸಿದ್ದಾರೆ ಸಾರ್. ರೇಸ್ ಕಾರಿನ ಗತ್ತು!”

“ಅದಕ್ಕೇ ಫಿಟ್ಟಿಂಗ್ ಇಷ್ಟು ಸೊಗಸು!”

ನೆಲಕ್ಕೆ ತಾಗುವ ಗೌನು ಕೇಳಿ ಬಂದ ಹುಡುಗಿಯರಿಗೆಲ್ಲ “ನೆಲದಿಂದ ಎರಡು ಇಂಚು ಮೇಲಿರಬೇಕಮ್ಮ, ಇಲ್ದಿದ್ರೆ ಮುಗ್ಗರಿಸ್ತೀಯ” ಎಂದು ಉಪದೇಶಿಸುತ್ತಿದ್ದ ಮಹಾನುಭಾವರು ಇವರೇ! ಅಂದು ಮಾತ್ರ ಟೇಪನ್ನು ಕಾರಿನ ಹೊಟ್ಟೆಯಡಿಗೆ ಬಿಡಲೇ ಇಲ್ಲ. ಒಂದು ವಾರದೊಳಗೆ ತಂದರೆ ವಾಪಸ್ಸು ತೆಗೆದುಕೊಳ್ಳುವುದಾಗಿ ವ್ಯಾಪಾರಿ ಮಾತು ಕೊಟ್ಟ. ಮಾಸ್ಟ್ರು ಒಬ್ಬರೇ ಕೂತು ಎಂಜಿನ್ನು ಗುಡುಗಿಸುತ್ತ ಮನೆಗೆ ಬಂದರು. ಎಲ್ಲವೂ ಸಲೀಸು.

ಮರುದಿನ ಬೆಳಿಗ್ಗೆ ಅತ್ತೆ ಮುಂದೆ ಕೂತರು, ಹೆಂಡತಿ ಹಿಂದೆ. ಕಾರು ಮೂವತ್ತು ಮಾರು ಹೋಯಿತು.

“ಕರ್ರ್‌ರ್‌ರ್!”

“ಏನು ಅಳಿಯಂದ್ರೆ, ಆಸ್ಪತ್ರೆ ಬಂತಾ?”

“ಇಲ್ಲ ಅತ್ತೆ... ಹಂಪ್ ಬಂತು.”

ಆ ಹಂಪಿಗೊಂದು ಇತಿಹಾಸವಿದೆ. ಓಣಿಯಲ್ಲಿ ಪಡ್ಡೆಗಳು ಬೈಕು ನುಗ್ಗಿಸಿ ಅಂಗಡಿಯ ಮುಂದೆ ತೂಗುಹಾಕಿದ ಬಿಳಿ ಗೌನಿಗೆ ಕೆಸರು ಎರಚಿದ್ದಕ್ಕೆ, ಹನ್ನೆರಡು ಮನೆಯವರ ರುಜು ಸಂಗ್ರಹಿಸಿ ಪುರಸಭೆಗೆ ಅರ್ಜಿ ಕೊಟ್ಟ ಧೀರರು ಮಾಸ್ಟ್ರೇ. ಕೆಲಸದವರು ನಾಲ್ಕು ಇಂಚು ಹಾಕಿದಾಗ ಟೇಪು ಹಿಡಿದು ನಿಂತು, “ಇನ್ನೂ ಎರಡು ಇಂಚು ಏರಿಸ್ರಪ್ಪ!” ಎಂದು ಏರಿಸಿದವರೂ ಅವರೇ. ಓಣಿಯ ಆ ತುದಿಗೆ ಗೋಡೆ, ಈ ತುದಿಗೆ ಹಂಪು. ಬೇರೆ ದಾರಿಯೇ ಇಲ್ಲ!

ಹೆಂಗಸರಿಬ್ಬರೂ ಇಳಿದರು. ಅತ್ತೆ ಮಗಳ ಹೆಗಲು, ಊರುಗೋಲು ಎರಡನ್ನೂ ಹಿಡಿದು ಹಂಪು ದಾಟಿದರು. ಹಗುರಾದ ಕಾರು ಹೊಟ್ಟೆ ಎಳೆದುಕೊಂಡು ಹೇಗೋ ದಾಟಿತು. ಮತ್ತೆ ಇಬ್ಬರೂ ಹತ್ತಿದರು.

“ಕಾರು ನಡೆಸ್ತೀನಿ ಅಂದ್ರಿ ಅಳಿಯಂದ್ರೆ,” ಎಂದರು ಅತ್ತೆ ಏದುಸಿರಿನಲ್ಲಿ. “ನಮ್ಮನ್ನ ನಡೆಸ್ತೀರಿ ಅಂತ ಹೇಳ್ಲೇ ಇಲ್ಲ!”

ಹೋಗುವಾಗೊಮ್ಮೆ, ಬರುವಾಗೊಮ್ಮೆ ಇದೇ ಮೆರವಣಿಗೆ. ಕಿಟಕಿಗಳಲ್ಲಿ ಪ್ರೇಕ್ಷಕರು ಹೆಚ್ಚಿದರು. ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಕುರ್ಚಿಯನ್ನೇ ಹೊರಗೆ ಹಾಕಿಸಿಕೊಂಡ. ಮಾಸ್ಟ್ರು ಕಾರನ್ನು ಓರೆಯಾಗಿ ಹತ್ತಿಸಿ ನೋಡಿದರು, “ಕರ್ರ್!” ಹಲಗೆ ಇಟ್ಟು ಹತ್ತಿಸಿದರು, ಹಲಗೆ ಎರಡಾಯಿತು! ಕೊನೆಗೆ ಹಂಪು ತಗ್ಗಿಸಿ ಎನ್ನಲು ಪುರಸಭೆಗೆ ಹೋದರು. ಗುಮಾಸ್ತ ಕಡತ ಬಿಚ್ಚಿದ.

“ಆಗಲ್ಲ ಸಾರ್. ಯಾರೋ ಪುಣ್ಯಾತ್ಮ ಎಂಥಾ ಅರ್ಜಿ ಬರೆದಿದ್ದಾರೆ ನೋಡಿ: ‘ಗತ್ತಿನ ಗಾಡಿಯವರಿಗೆ ಬುದ್ಧಿ ಬರುವಷ್ಟು ಎತ್ತರವಿರಲಿ.’ ಕಣ್ಣಲ್ಲಿ ನೀರು ಬರುತ್ತೆ ಸಾರ್ ಓದಿದರೆ.”

ಬರೆದ ಪುಣ್ಯಾತ್ಮನ ಕಣ್ಣಲ್ಲೂ ಬಂದಿತ್ತು.

ಏಳನೆಯ ದಿನ ಬೆಳಿಗ್ಗೆ ಮಾಸ್ಟ್ರು ಕಾರನ್ನು ಕೊನೆಯ ಸಲವೆಂಬಂತೆ ಒರೆಸಿದರು. “ಅತ್ತೆ, ಸೋಫಾದಿಂದ ಸೋಫಾಕ್ಕೆ ಅಂದಿದ್ದೆ. ಈ ವಯಸ್ಸಲ್ಲಿ ನಿಮ್ಮನ್ನ ಬೀದಿಗೆ ಇಳಿಸಿದೆ. ಇವತ್ತು ವಾಪಸ್ಸು ಕೊಟ್ಟು ಬರ್ತೀನಿ.”

“ಯಾರು ಕೊಡಿ ಅಂದ್ರು?” ಜಗುಲಿಯಲ್ಲಿ ಕೂತಿದ್ದ ಅತ್ತೆ ಎದ್ದು ನಿಂತರು. ಕುರ್ಚಿಯ ಕೈ ಹಿಡಿಯದೆ! ಮಾಸ್ಟ್ರು ಒರೆಸುವುದನ್ನು ನಿಲ್ಲಿಸಿದರು.

“ನಿನ್ನೆ ಡಾಕ್ಟರಮ್ಮ ಕೇಳಿದ್ರು,” ಹೆಂಡತಿ ಹೇಳಿದಳು. “‘ತಗ್ಗು ಸೀಟಿಂದ ಏಳಿ, ದಿಬ್ಬ ಹತ್ತಿ ಇಳೀರಿ ಅಂತ ಮೂರು ತಿಂಗಳು ಬಡ್ಕೊಂಡೆ, ಕೇಳಲಿಲ್ಲ. ಈಗ ಮಾಡಿಸ್ತಿರೋ ಮಹಾನುಭಾವ ಯಾರು?’ ಅಂತ.”

ಅತ್ತೆ ಊರುಗೋಲನ್ನು ಅಳಿಯನ ಕೈಗೆ ಕೊಟ್ಟರು.

“ಇದು ನಿಮಗಿರಲಿ. ಇವತ್ತು ನಾನು ಇಳಿಯಲ್ಲ. ಮಗಳು ಓಡಿಸ್ಲಿ, ನೀವು ಇಳೀರಿ.”

“ನಾನೊಬ್ಬ ಇಳಿದ್ರೆ ಏನಾಗುತ್ತೆ ಅತ್ತೆ?”

“ನೋಡೇ ಬಿಡೋಣ.”

ರೇಷ್ಮೆಯಲ್ಲಿ ಕತ್ತರಿ ಹೋದ ಹಾಗೆ ಕಾರು ಹಂಪು ದಾಟಿತು. ಒಂದು ಸಣ್ಣ ಸದ್ದಿಲ್ಲ! ಕಾರಿನ ಕಿಟಕಿ ಇಳಿಯಿತು.

“ಊರವರ ಸೊಂಟ ಎಲ್ಲಾ ಅಳೆದಿದ್ದೀರಿ ಅಳಿಯಂದ್ರೆ. ಟೇಪು ಕೊರಳಲ್ಲೇ ಇದೆಯಲ್ಲಾ, ಒಂದ್ಸಲ ನಿಮ್ಮದೂ ನೋಡ್ಕೊಂಡುಬಿಡಿ!”

ಪೋಸ್ಟ್‌ಮ್ಯಾನ್ ಕುರ್ಚಿಯಿಂದ ಬಿದ್ದನಂತೆ.

ಕಾರು ಮನೆಯಲ್ಲೇ ಉಳಿಯಿತು. ಅಡುಗೆಮನೆಯ ಕಟ್ಟೆ ಹಳೆಯದೇ ಉಳಿದರೂ ಹೆಂಡತಿ ಅದರ ಸುದ್ದಿಯೆತ್ತಲಿಲ್ಲ; ಅದಕ್ಕೂ ಮಾಸ್ಟ್ರು ಮನಸ್ಸಿನಲ್ಲೇ ಕೈ ಮುಗಿದರು. ದಿನಾ ಹಂಪಿನ ಬಳಿ ಇಳಿದು, ಊರುಗೋಲು ಬೀಸುತ್ತ ನಡೆದು, ಆಚೆ ಹೋಗಿ ಹತ್ತುವುದು ರೂಢಿಯಾಯಿತು. ಮೂರು ತಿಂಗಳಿಗೆ ಪ್ಯಾಂಟು ಜಾರತೊಡಗಿತು. ಅಂಗಡಿಯ ಬಾಗಿಲು ಹಾಕಿಕೊಂಡು ಅಳೆದರೆ, ಸೊಂಟ ಭರ್ತಿ ಎರಡು ಇಂಚು ಇಳಿದಿದೆ!

ಮರುದಿನ ಬೆಳಿಗ್ಗೆ ಮಾಸ್ಟ್ರು ಹೊಸದಾಗಿ ಸೊಂಟ ಬಿಗಿಸಿ ಹೊಲಿದ ಪ್ಯಾಂಟಿನಲ್ಲಿ, ಹಿಂದಿನ ಸೀಟಿನಲ್ಲಿ ರಾಜಗಾಂಭೀರ್ಯದಿಂದ ಕೂತರು. ಹಂಪು ಬಂತು. ಹೆಂಡತಿ ಕಾರು ನಿಲ್ಲಿಸಿದಳು.

“ಇವತ್ತು ನಿಲ್ಲಿಸಬೇಡ,” ಎಂದರು ಮಾಸ್ಟ್ರು. “ಹೋಗ್ತಾ ಇರು.”

“ಕರ್ರ್‌ರ್‌ರ್!”

ಅತ್ತೆ ಹಿಂತಿರುಗಿ ನೋಡಲೂ ಇಲ್ಲ.

“ಇಳೀರಿ, ಅಳಿಯಂದ್ರೆ.”