ಅಲ್ಲಾಡಿಸಿ ನೋಡಿದ ಇಸ್ಕೂಲು

ನಮ್ಮ ಚಿಕ್ಕಮಾವನವರ ಕೈಗೆ ಕೂಸನ್ನು ಕೊಡಲು ನಾನು ಹೆದರುತ್ತಿದ್ದೆ. ಬೀಳಿಸಿಬಿಟ್ಟಾರೆಂಬ ಹೆದರಿಕೆಯಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಬಿಟ್ಟರೆ!

ಅವರು ನಮ್ಮ ಮಾವನವರ ತಮ್ಮ. ಮದುವೆಯಾಗಲಿಲ್ಲ, ತೆಂಗಿನ ತೋಟವನ್ನೇ ಕಟ್ಟಿಕೊಂಡರು. ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಕೆಡವಿದ ಕೂಡಲೆ ಒಡೆಯುವುದಿಲ್ಲ. ಅಟ್ಟದ ಮೇಲೆ ಹಾಕಿ ವರ್ಷದ ತನಕ ಕಾಯುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅದನ್ನು ಹೇಳುವುದು ಕಣ್ಣಲ್ಲ, ಕಿವಿ. ಅಂಥ ಕಿವಿ ಚಿಕ್ಕಮಾವನವರದು. ಸುತ್ತಿನ ಊರಿನವರು ಕಾಯಿ ಒಡೆಸುವ ಮುಂಚೆ ಅವರನ್ನು ಕರೆದೊಯ್ದು ಅಟ್ಟ ಹತ್ತಿಸುತ್ತಿದ್ದರು. ಅವರು "ಆಡ್ತದೆ" ಎಂದರೆ ಕೊಬ್ಬರಿ ಕೊಳ್ಳುವ ತಿಪಟೂರಿನ ಮಂಡಿಯವರೂ ಮರುಮಾತಾಡುತ್ತಿರಲಿಲ್ಲ.

ತಾಪತ್ರಯವೆಂದರೆ, ಆ ಅಭ್ಯಾಸ ಕಾಯಿಗೇ ನಿಲ್ಲಲಿಲ್ಲ. ಬೆಂಕಿಪೊಟ್ಟಣ, ಕಾಫಿಪುಡಿ ಡಬ್ಬಿ, ಕುಂಕುಮದ ಭರಣಿ, ಕೈಗೆ ಸಿಕ್ಕಿದ್ದೆಲ್ಲ ಕಿವಿಗೆ. ಒಮ್ಮೆ ಬೀಗರು ಕಟ್ಟಿಸಿಕೊಂಡ ಹಲ್ಲನ್ನು ಡಬ್ಬಿಯಲ್ಲಿಟ್ಟು ಮುಖ ತೊಳೆಯಲು ಹೋಗಿದ್ದರು. ಅವರು ಬರುವಷ್ಟರಲ್ಲಿ ಚಿಕ್ಕಮಾವನವರು ಡಬ್ಬಿಯನ್ನು ಅಲ್ಲಾಡಿಸಿ, "ಬೀಗ್ರೇ, ಚೆನ್ನಾಗ್ ಬಲ್ತದೆ, ಒಡಿಬೌದು" ಎಂದಿದ್ದರು.

ನಮ್ಮವರು ಹೊಸ ಕೈಗಡಿಯಾರ ತಂದಾಗಲೂ ಅಷ್ಟೆ. ಈ ಕಿವಿ, ಆ ಕಿವಿ ಎರಡಕ್ಕೂ ಹಿಡಿದು ನೋಡಿದರು.

"ಇದು ಸತ್ತೋಗದೆ ಕಣ್ಲಾ. ವಾಪಸ್ ಕೊಟ್ ಬಾ."

ಮುಳ್ಳು ಓಡುತ್ತಲೇ ಇತ್ತು. ಮನೆಯವರೆಲ್ಲ ಸಾಯಂಕಾಲದ ತನಕ ನಕ್ಕೆವು.

ಹೀಗಿರುವಾಗ ನಮ್ಮ ಪುಟ್ಟಿ ಸ್ಕೂಲಿಗೆ ಸೇರುವ ವಯಸ್ಸಿಗೆ ಬಂದಳು. ಎಲ್ಲಿಗೆ ಸೇರಿಸುವುದು? ನಮ್ಮ ತೋಟದ ಬೇಲಿಯಾಚೆಯೇ ಸರ್ಕಾರಿ ಸ್ಕೂಲಿತ್ತು. ಹೆಂಚಿನ ಎರಡು ಕೋಣೆ, ಎಲ್ಲ ಕ್ಲಾಸಿಗೂ ಒಬ್ಬರೇ ಮೇಷ್ಟ್ರು, ಮಳೆ ಬಂದರೆ ಮಕ್ಕಳ ಜೊತೆಗೆ ಕುರಿಗಳಿಗೂ ಪಾಠ. ತುರುವೇಕೆರೆಯಲ್ಲಿ ಆಗತಾನೆ ಕಾನ್ವೆಂಟು ಬಂದಿತ್ತು. ಟೈ, ಬೂಟು, ಕೊರಳಿಗೆ ನೀರಿನ ಬಾಟಲಿ, ಬಾಯಿ ತುಂಬ ಇಂಗ್ಲಿಷು. ನಮ್ಮವರ ಮನಸ್ಸು ಬೂಟಿನ ಕಡೆಗಿತ್ತು. ನನ್ನದು ದಿನಕ್ಕೊಂದು ಕಡೆ.

"ಸುಮ್ಕೆ ಯಾಕ್ ಕಿತ್ತಾಡ್ತೀರಿ? ಅಲ್ಲಾಡ್ಸಿ ನೋಡ್ಕಂಡ್ ಬತ್ತೀನಿ ತಡೀರಿ" ಎಂದು ಚಿಕ್ಕಮಾವನವರು ಟವೆಲ್ಲು ಕೊಡವಿ ಹೊರಟೇಬಿಟ್ಟರು. ಎರಡು ಸ್ಕೂಲಿನ ಗೋಡೆಗೂ ಕಿವಿಗೊಟ್ಟು ಬಂದು ಜಗಲಿಯ ಮೇಲೆ ತೀರ್ಪು ಕೊಟ್ಟರು.

"ಕಾನ್ವೆಂಟು ಇನ್ನೂ ನೀರ್ಗಾಯಿ ಕಣಮ್ಮ. ಅಷ್ಟೊಂದ್ ಮಕ್ಳವೆ, ಒಂದ್ ಸದ್ದಿಲ್ಲ. ನಮ್ಮೂರ್ ಇಸ್ಕೂಲು ನೋಡು, ಬೇಲಿ ತಾವ್ಲೇ ಲೊಟಲೊಟ ಅಂತದೆ."

"ಅದು ಮೇಷ್ಟ್ರು ಬಂದಿಲ್ದೆ ಇರೋ ಸದ್ದು ಚಿಕ್ಕಪ್ಪ" ಎಂದರು ನಮ್ಮವರು.

"ಬಂದ್ ಮ್ಯಾಲೂ ಕೇಳ್ದೆ ಕಣ್ಲಾ. ಹದಿಮೂರರ ಮಗ್ಗಿ ಕೂಗ್ತಿದ್ರು. ನಿಂಗ್ ಬತ್ತದಾ ಹದಿಮೂರರ ಮಗ್ಗಿ?"

ನಮ್ಮವರು ಎದ್ದು ಒಳಗೆ ಹೋದರು. ಆದರೂ ಪುಟ್ಟಿ ಕಾನ್ವೆಂಟಿಗೇ ಸೇರಿದಳು.

ಸುಳ್ಳು ಹೇಳಬಾರದು, ಕಾನ್ವೆಂಟಿನಿಂದ ಒಳ್ಳೆಯದೂ ಬಂತು. ಹೇಳದೆಯೇ ಕೈ ತೊಳೆಯುವಳು, ಮನೆಯವರೆಲ್ಲರ ಚಪ್ಪಲಿ ಜೋಡಿಸಿಡುವಳು. ಬೇಲಿಯಾಚೆಯ ಮಕ್ಕಳು ಲೆಕ್ಕದಲ್ಲಿ ಗಟ್ಟಿ. ಅಂಗಿಗೆ ಮಾತ್ರ ಗುಂಡಿ ಉಳಿಯುತ್ತಿರಲಿಲ್ಲ. ಇತ್ತ ಪುಟ್ಟಿಗೆ ಸಾಯಂಕಾಲ ಬಸ್ಸಿಳಿಯುವಾಗಲೇ ಅರ್ಧ ನಿದ್ದೆ. ಮೇಲಾಗಿ, ಮೆಲ್ಲಗೆ ಮಾತಾಡಬೇಕೆಂದು ಮಿಸ್ಸು ಹೇಳಿದ್ದರಂತೆ. ತುಟಿಯ ಮೇಲೆ ಬೆರಳಿಟ್ಟುಕೊಂಡೇ ಮನೆಗೆ ಬರುತ್ತಿದ್ದಳು.

"ಏನ್ ಕಲ್ತೆ ಮಗ ಇವತ್ತು?" ಎಂದು ಚಿಕ್ಕಮಾವನವರು ದಿನವೂ ಕೇಳುವರು. ಅವಳು ಕೈಕಟ್ಟಿ ನಿಂತು ಮೆತ್ತಗೆ ಇಂಗ್ಲಿಷ್ ಪದ್ಯವೊಂದನ್ನು ಪೂರ್ತಿ ಹೇಳುವಳು. ಅವರು ಮುಂದೆ ಬಾಗಿ ಕಾಯುತ್ತ ಕೂತಿರುವರು.

"ಹೇಳು ಮತ್ತೆ."

"ಹೇಳ್ದೆನಲ್ಲ ತಾತ."

"ನೋಡಮ್ಮ, ಮಗಿನ ದನೀನೇ ಕಿತ್ಕಂಡವ್ರೆ. ಫೀಜೂ ಅವ್ರಿಗೇ, ದನೀನೂ ಅವ್ರಿಗೇ."

ಚಿಕ್ಕಪ್ಪನಿಗೆ ಇಂಗ್ಲಿಷ್ ಕಂಡರಾಗದು ಎಂದು ನಮ್ಮವರು ಗೊಣಗಿದರು. ನಾನೂ ಹಾಗೇ ಅಂದುಕೊಂಡೆ.

ಒಂದು ಭಾನುವಾರ, ಮಾರನೆಯ ದಿನ ಮಂಡಿಯವರು ಬರುವವರಿದ್ದರು. ಚಿಕ್ಕಮಾವನವರು ಪುಟ್ಟಿಯನ್ನು ಕರೆದುಕೊಂಡು ಅಟ್ಟ ಹತ್ತಿದ್ದರು. ನಾನು ಕಾಫಿ ಹಿಡಿದು ಏಣಿ ಹತ್ತುತ್ತಿದ್ದೆ. ಅವರು ಕಾಯಿಯೊಂದನ್ನು ಎತ್ತಿ ಅಲ್ಲಾಡಿಸಿದರು. ಆ ಕಿವಿಗೆ ಹಿಡಿದರು, ಈ ಕಿವಿಗೆ ಹಿಡಿದರು. ಏಣಿಯ ಮೇಲಿದ್ದ ನನಗೇ ಲೊಟಲೊಟ ಕೇಳಿಸಿತು. ಅವರು ಮಾತ್ರ ಕಾಯಿಯನ್ನು ಪುಟ್ಟಿಯ ಕೈಗಿಟ್ಟರು.

"ನೀನ್ ನೋಡವ್ವ. ಆಡ್ತದಾ?"

ಪುಟ್ಟಿ ಅಲ್ಲಾಡಿಸಿ, ಮಿಸ್ಸು ಹೇಳಿಕೊಟ್ಟಂತೆ ಮೆಲ್ಲಗೆ, "ಆಡ್ತದೆ ತಾತ" ಎಂದಳು.

ಅವರು ಅವಳ ತುಟಿಯನ್ನೇ ನೋಡುತ್ತಿದ್ದರು. "ವಸಿ ನಮ್ಮೂರ್ ಇಸ್ಕೂಲ್ ಮಕ್ಳಂಗೆ ಹೇಳು ಮಗ. ತಾತಂಗೆ ಅಂಗಂದ್ರೇನೇ ತಿಳ್ಯಾದು."

ನಾನು ಏಣಿಯ ಮೇಲೆಯೇ ನಿಂತುಬಿಟ್ಟೆ. ಓಡುತ್ತಿದ್ದ ಗಡಿಯಾರ ನೆನಪಾಯಿತು. ನಾವು ನಕ್ಕದ್ದು ನೆನಪಾಯಿತು. ಕಾನ್ವೆಂಟಿನ ಮಕ್ಕಳು ಅಂದು ಸುಮ್ಮನೇನೂ ಇರಲಿಲ್ಲವೋ ಏನೋ.

ಅವರು ತಿರುಗಿ ನನ್ನನ್ನು ಕಂಡರು. ಏನಾದರೂ ಹೇಳಬೇಕಲ್ಲ ಎಂದು ನಾನು ಗಟ್ಟಿಯಾಗಿ, "ಕಾಫಿ ಆರೋಗ್ತದೆ ಮಾವ" ಎಂದೆ.

"ಅಷ್ಟ್ ಜೋರಾಗ್ ಯಾಕಮ್ಮ ಕೂಗ್ತೀಯ, ನಾನೇನ್ ಕಿವುಡ್ನಾ?" ಎಂದರು. ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು, ನನ್ನ ಮುಖ ನೋಡದೆ, "ನಾಳೆ ಮಂಡಿಯೋರ್ ಮುಂದೆ ಹಿಂಗ್ ಕೂಗ್ಬೇಡ ಕಣಮ್ಮ" ಎಂದರು.

ಮುಂದಿನ ಜೂನ್ ತಿಂಗಳಿಗೆ ಪುಟ್ಟಿಯನ್ನು ಬೇಲಿಯಾಚೆಗೆ ಸೇರಿಸಿದೆವು. ನಮ್ಮವರಿಗೆ ಒಪ್ಪಿಗೆಯಿರಲಿಲ್ಲ, ನಾನು ಹಟ ಹಿಡಿದೆ. ಯಾಕೆಂದು ಕೇಳಿದವರಿಗೆ ಇವತ್ತಿಗೂ ಬಸ್ಸಿನ ತೊಂದರೆ ಎಂದೇ ಹೇಳುತ್ತೇನೆ. ಇಂಗ್ಲಿಷು ಅವಳಿಗೆ ಐದನೇ ಕ್ಲಾಸಿನಲ್ಲಿ ಬಂತು, ಊಟದ ಹೊತ್ತು ಮೀರಿ ಬಂದ ನೆಂಟರಂತೆ. ಬಂದದ್ದು ಹೋಗಲಿಲ್ಲ. ಚಿಕ್ಕಮಾವನವರು ಎಲ್ಲಿ ಅಟ್ಟ ಹತ್ತಿದರೂ ಹಿಂದೆಯೇ ಮೊಮ್ಮಗಳಿರುತ್ತಿದ್ದಳು. ಮುದ್ದು ಜಾಸ್ತಿಯಾಯಿತು ಎಂದು ಮಂಡಿಯವರು ನಗುತ್ತಿದ್ದರು.

ಮಧ್ಯಾಹ್ನದ ಹೊತ್ತು ಬೇಲಿಯಾಚೆ ಮಗ್ಗಿ ಶುರುವಾದರೆ ಚಿಕ್ಕಮಾವನವರು ತೋಟದಲ್ಲಿ ಎಲ್ಲಿದ್ದರೂ ಬೇಲಿಯ ಹತ್ತಿರ ಬಂದು ನಿಲ್ಲುವರು. ಎಲ್ಲರಿಗಿಂತ ಮೇಲೆ ನಮ್ಮ ಪುಟ್ಟಿಯ ದನಿ. ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸುವುದನ್ನೂ ಮರೆತು ಕೇಳುವರು. ಆಮೇಲೆ ಅಲ್ಲಿ ಯಾರೂ ಇಲ್ಲದಿದ್ದರೂ ಹೇಳುವರು:

"ಆಡ್ತದೆ."