ಉತ್ತರ ಹೇಳಬಾರದ ಮಾಸ್ತರ

ಬಾಯಿಬಡುಕನಿಗೆ ಬಾಯಿ ಮುಚ್ಚಿಕೊಂಡಿರುವ ಕೆಲಸ ಕೊಟ್ಟರೆ ಏನೇನು ಆಗಬಹುದೋ ಅದೆಲ್ಲ ನನಗೆ ಆಗಿದೆ, ಅದೂ ವಾರ ತಪ್ಪದೆ. ಗಂಗಾವತಿಯಲ್ಲಿ ನಾನು ಕನ್ನಡ ಶಾಲೆಯ ಮಾಸ್ತರ. ಪ್ರಶ್ನೆಯನ್ನೂ ನಾನೇ ಕೇಳಿ, ಉತ್ತರವನ್ನೂ ನಾನೇ ಹೇಳಿ, ಹುಡುಗರಿಗೆ ಶಭಾಶ್ ಅನ್ನುವ ಪೈಕಿ. ಎಪ್ಪತ್ತರ ದಶಕದ ನಡುವೆ ಕೊಪ್ಪಳದ ನಮ್ಮ ಪಾಸ್ಟರ್ ಸಾಹೇಬರು ಎಲ್ಲಿಂದಲೋ ಒಂದು ಹೊಸ ಪದ್ಧತಿ ಕಲಿತು ಬಂದರು. ಊರೂರಲ್ಲಿ ಏಳೆಂಟು ಜನ ದುಂಡಗೆ ಕೂರಬೇಕು, ಬೈಬಲಿನ ಒಂದೇ ಭಾಗ ಓದಬೇಕು. ಮುಂದಾಳು ಮೂರು ಪ್ರಶ್ನೆ ಕೇಳಬೇಕು: ಇದರಲ್ಲಿ ಏನು ಬರೆದಿದೆ, ಇದರ ಅರ್ಥವೇನು, ಈ ವಾರ ನೀವೇನು ಮಾಡುತ್ತೀರಿ. ಕೇಳಿ ಸುಮ್ಮನಾಗಬೇಕು. ಜೀವ ಹೋದರೂ ಉತ್ತರ ಹೇಳಬಾರದು. ಅಂಥ ಮುಂದಾಳಾಗಿ ನನ್ನನ್ನೇ ನೇಮಿಸಿದರು.

ಜನ ಮಾತಾಡದ ಕೂಟ ಇದ್ದೂ ಉಪಯೋಗವಿಲ್ಲ, ಅಂಥವನ್ನು ಮುಚ್ಚಿ ಎಲ್ಲರನ್ನೂ ಕುಷ್ಟಗಿಯ ಚರ್ಚಿನ ಪ್ರಸಂಗಕ್ಕೆ ಕರೆಸುತ್ತೇನೆ ಎಂದೂ ಸಾಹೇಬರು ಹೇಳಿದ್ದರು. ನನಗೆ ಚಿಂತೆ ಇದ್ದದ್ದು ತಾವರಗೇರಾದ ಕೂಟದ್ದು. ಅದು ಒಬ್ಬ ಅಜ್ಜಿಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಮೊಳಕಾಲು ನೋವಿನ ಅಜ್ಜಿ ಬಸ್ಸು ಹತ್ತುವವಳಲ್ಲ. ಕೂಟ ಮುಚ್ಚಿದರೆ ಆಕೆಗೆ ಎಲ್ಲವೂ ಮುಚ್ಚಿದಂತೆ. ಒಮ್ಮೆ ನನಗೆ ಹೇಳಿದ್ದಳು: "ನನ್ನ ಜಲ್ಮದಾಗ ಯಾರೂ ನನ್ನ, ನಿನಗೇನು ಅನಸ್ತೈತಿ ಅಂತ ಕೇಳಿದ್ದಿಲ್ಲರಿ ಮಾಸ್ತರ್ರ. ನೀವೊಬ್ಬರ ಕೇಳಿದ್ದು." ಹಾಗೆ ಹೇಳಿದವಳು ಕೂಟದಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಆಕೆಯ ಊರಿನವರೂ ಅಷ್ಟೇ.

ಯಾಕೋಬನ ಮಕ್ಕಳು

ಮೊದಲ ಕೂಟ ಮರಳಿ ಎಂಬ ಊರಿನಲ್ಲಿ. ಊರೂರಿಗೆ ಜೀಪು ಬಂದು ಗಂಡಸರನ್ನು ಮಕ್ಕಳಾಗದ ಆಪರೇಷನ್ನಿಗೆ ಎತ್ತಿಕೊಂಡು ಹೋಗುತ್ತಿದ್ದ ಕಾಲ ಅದು. ಹೆಗಲಿಗೆ ಚೀಲ ಹಾಕಿಕೊಂಡು ಪ್ರಶ್ನೆ ಕೇಳುವವನು ಯಾರೇ ಆಗಲಿ, ಜನ ಅವನನ್ನು ಸರ್ಕಾರದ ಕಡೆಯವನೆಂದೇ ನೋಡುತ್ತಿದ್ದರು. ನನಗೆ ಅದೆಲ್ಲಿ ಹೊಳೆಯಬೇಕು. ಎಲ್ಲರಿಗೂ ಗೊತ್ತಿರುವ ಸುಲಭದ ಪ್ರಶ್ನೆಯಿಂದ ಶುರು ಮಾಡೋಣ ಎಂದು, ಯಾಕೋಬನಿಗೆ ಮಕ್ಕಳೆಷ್ಟು ಎಂದು ಕೇಳಿದೆ.

ಬೈಬಲಿನ ಯಾಕೋಬನಿಗೆ ಹನ್ನೆರಡು ಎಂದು ಅಲ್ಲಿದ್ದ ಹಸುಗೂಸಿಗೂ ಗೊತ್ತು. ಆದರೆ ಇಬ್ಬರು ಗಂಡಸರು ಎದ್ದು, ಎತ್ತಿಗೆ ನೀರು ಕುಡಿಸಬೇಕೆಂದು ಹಿತ್ತಿಲ ಬಾಗಿಲಿಂದ ಹೊರಟೇಹೋದರು. ಕೊನೆಗೆ ಹಿರಿಯರೊಬ್ಬರು ನನ್ನ ಚೀಲದ ಮೇಲೆ ಕಣ್ಣಿಟ್ಟು, "ಎರಡ ಅದಾವ್ರಿ" ಎಂದರು.

ನಾನು ಪದ್ಧತಿಯ ಪ್ರಕಾರ, ಸರಿಯಾಗಿ ನೆನಪು ಮಾಡಿಕೊಂಡು ಹೇಳಿರಿ ಎಂದೆ. ಹಿರಿಯರು ಅಕ್ಕಪಕ್ಕದವರ ಮುಖ ನೋಡಿ ಧೈರ್ಯ ತಂದುಕೊಂಡರು.

"ಎರಡ ರೀ. ಯಾಕೋಬಂದು ಹೋದ ತಿಂಗಳ ಆಪರೇಷನ್ ಆಗೇತಿ."

ಬಿತ್ತುವವನ ತಪ್ಪು

ಸಿದ್ದಾಪುರದವರು ಕಾಲುವೆ ನೀರಿನ ಭತ್ತದ ಜನ, ಹೆದರುವವರಲ್ಲ. ಅಲ್ಲಿ ಬಿತ್ತುವವನ ಸಾಮ್ಯ, ಅಂದರೆ ಯೇಸು ಹೇಳಿದ ಕಥೆ, ಓದಿದೆ. ಕೆಲವು ಬೀಜ ದಾರಿಯ ಮೇಲೆ ಬಿದ್ದವು, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನಲ್ಲಿ. ಇನ್ನೂ ಒಳ್ಳೆಯ ನೆಲದ ತನಕ ಬಂದಿರಲಿಲ್ಲ, ಆಗಲೇ ಗದ್ದಲ ಎದ್ದಿತು. ಬಿತ್ತಿದವನು ಹೊಲದ ಧಣಿಯೋ ಕೂಲಿಯವನೋ ಎಂದು ಒಬ್ಬರು ಕೇಳಿದರು. ಧಣಿಯಾದರೆ ದಾರಿಗೆ ಬೀಜ ಚೆಲ್ಲುತ್ತಾನೆಯೇ, ಕೂಲಿಯವನೇ ಇರಬೇಕು ಎಂದು ಇನ್ನೊಬ್ಬರು. ಬೆಳಿಗ್ಗೆ ಎದ್ದವನೇ ಹೆಂಡತಿಯೊಡನೆ ಜಗಳ ಮಾಡಿ ಬಂದಿರಬೇಕು ಎಂದು ಅವರವರ ಹೆಂಡಂದಿರು. ನೆಲವೆಂದರೆ ಹೃದಯ, ಬೀಜವೆಂದರೆ ದೇವರ ವಾಕ್ಯ ಎಂದೆಲ್ಲ ಹೇಳಲು ನನಗೆ ನಾಲಗೆ ತುರಿಸುತ್ತಿತ್ತು. ಹೇಳುವಂತಿಲ್ಲ. ಮೂರನೆಯ ಪ್ರಶ್ನೆಯಲ್ಲಾದರೂ ದಾರಿಗೆ ಬಂದಾರು ಎಂದು, ಇದನ್ನು ಕೇಳಿದ ಮೇಲೆ ಈ ವಾರ ಏನು ಮಾಡುತ್ತೀರಿ ಎಂದೆ.

ಈ ಸಲ ಎಲ್ಲರದೂ ಒಂದೇ ಮಾತು. "ಅವನ್ನ ನಮ್ಮ ಹೊಲಕ್ಕ ಕರಿಯಂಗಿಲ್ಲರಿ."

ಯಲಬುರ್ಗಾ ಬಸ್ಸಿನ ಶೇಂಗಾ ವ್ಯಾಪಾರಿ

ಕೂಟದ ಹೊರಗೂ ಪ್ರಶ್ನೆಯಿಂದಲೇ ನಂಬಿಕೆಯ ಮಾತು ತೆಗೆಯಿರಿ ಎಂದು ಪಾಸ್ಟರ್ ಹುಕುಂ ಮಾಡಿದ್ದರು. ಕೊಪ್ಪಳದಿಂದ ಯಲಬುರ್ಗಾಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಶೇಂಗಾ ವ್ಯಾಪಾರಿಯನ್ನು, ನಿಮ್ಮ ಮನಸ್ಸಿಗೆ ನೆಮ್ಮದಿ ಐತೇನ್ರಿ ಎಂದು ಕೇಳಿದೆ. ಐತಿ ಎಂದರು. ಆಮೇಲೆ ನನ್ನ ಊರು ಯಾವುದೆಂದು ಕೇಳಿದರು. ಪಗಾರ ಎಷ್ಟು, ಸ್ವಂತ ಮನೆಯೋ ಬಾಡಿಗೆಯೋ, ಹೆಂಡತಿಯ ತವರು ಯಾವುದು, ಮಾವ ಹೇಗೆ ನೋಡಿಕೊಳ್ಳುತ್ತಾನೆ, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ, ಎಲ್ಲ ಕೇಳಿದರು. ಒಂದೊಂದು ಪ್ರಶ್ನೆ ಕೇಳಿದ ಮೇಲೂ ಬಾಯಿ ಮುಚ್ಚಿ ಕಾಯುತ್ತಿದ್ದರು. ನಾನು ಮಾವನ ಮೇಲಿನ ಸಿಟ್ಟನ್ನೆಲ್ಲ ಅವರ ಮುಂದೆ ಸುರಿದುಕೊಂಡೆ.

ಇಳಿಯುವಾಗ ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ನಿಮಗ ನೆಮ್ಮದಿ ಇಲ್ಲರಿ, ಅಮಾಸಿಗೆ ನಮ್ಮ ಮಠಕ್ಕ ಬರ್ರಿ" ಎಂದರು.

ಪದ್ಧತಿ ಹೇಗಿದೆ ಎಂದು ಪಾಸ್ಟರ್ ಕೇಳಿದಾಗ ಇದ್ದದ್ದನ್ನೇ ಹೇಳಿದೆ. "ಭಾಳ ಛಲೋ ಐತ್ರಿ. ಇನ್ನೊಂದು ಸ್ವಲ್ಪದಾಗ ನಾನ ಮಠಕ್ಕ ಹೋಗಿಬಿಡ್ತಿದ್ದೆ."

ದೊಡ್ಡ ಮಗನ ಪಂಚಾಯ್ತಿ

ಕಡೆಗೆ ಪಾಸ್ಟರ್ ಸಾಹೇಬರು ತಾವರಗೇರಾಕ್ಕೆ ಬಂದರು. ಅಜ್ಜಿ ಪಡಸಾಲೆ ಸಾರಿಸಿ, ಹೊಸ ಚಾಪೆ ಹಾಸಿ, ಸೆರಗು ಸರಿಮಾಡಿಕೊಂಡು ಕೂತಿದ್ದಳು. ನಾನು ತಪ್ಪಿದ ಮಗನ ಕಥೆ ಓದಿದೆ. ಕಿರಿಯ ಮಗ ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಹಾಳು ಮಾಡಿ ತಿರುಗಿ ಬರುತ್ತಾನೆ. ಅಪ್ಪ ಸಂಭ್ರಮದಿಂದ ಕೊಬ್ಬಿದ ಕರು ಕೊಯ್ಯಿಸಿ ಊಟ ಹಾಕಿಸುತ್ತಾನೆ. ಹೊಲದಿಂದ ಬಂದ ದೊಡ್ಡ ಮಗ, ನನಗೆ ಒಂದು ಆಡಿನ ಮರಿಯನ್ನೂ ಕೊಟ್ಟವನಲ್ಲ ಎಂದು ಮುನಿಸಿಕೊಂಡು ಹೊರಗೇ ನಿಲ್ಲುತ್ತಾನೆ.

ಇದರಲ್ಲಿ ನಿಮಗೇನು ಕಾಣುತ್ತದೆ ಎಂದು ಕೇಳಿ ಸುಮ್ಮನಾದೆ. ಅವರೂ ಸುಮ್ಮನಾದರು. ಸಾಹೇಬರು ಗಡಿಯಾರ ನೋಡಿಕೊಂಡರು. ಉತ್ತರ ಎಲ್ಲಿ ಬಾಯಿಂದ ಜಾರುತ್ತದೋ ಎಂದು ಹೆದರಿ ನಾನು ಅಜ್ಜಿ ಮುಂದಿಟ್ಟಿದ್ದ ಚುರುಮುರಿಯನ್ನು ಬಾಯಿ ತುಂಬ ತುಂಬಿಕೊಂಡೆ. ಸಾಹೇಬರು ಇನ್ನೇನು ಏಳಬೇಕು, ಅಷ್ಟರಲ್ಲಿ ಅಜ್ಜಿ ಬಾಯಿಬಿಟ್ಟಳು.

"ತಪ್ಪು ಅಪ್ಪಂದು."

ಸಾಹೇಬರು ಕೂತಲ್ಲೇ ಕೂತರು. ಈ ಕಥೆಯ ತಂದೆಯೆಂದರೆ ದೇವರು ಎಂದು ಇಪ್ಪತ್ತು ವರ್ಷ ಪ್ರಸಂಗ ಮಾಡಿದವರು ಅವರು. ತಡೆಯಲಾಗದೆ, ತಂದೆಯದೇನು ತಪ್ಪು ಎಂದು ಕೇಳಿಯೇಬಿಟ್ಟರು. ಅಜ್ಜಿಯ ಮೈದುನ, ಊರ ಪಂಚರಲ್ಲಿ ಒಬ್ಬರು, ಅವರತ್ತ ತಿರುಗಿ, ನೀವು ಅಪ್ಪನ ಕಡೆಯವರೇನು ಎಂದರು. ಹೌದು, ನಾನು ಅವನ ಕಡೆಯೇ ಎಂದರು ಸಾಹೇಬರು.

ಪಡಸಾಲೆಗೆ ಜೀವ ಬಂತು. ಇವರು ಇಷ್ಟು ದಿನ ಸುಮ್ಮನಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಎರಡೂ ಕಡೆಯವರು ಬಂದು ಕೂರದೆ ನ್ಯಾಯದ ಮಾತು ಆಡುವ ಪದ್ಧತಿ ಅವರಲ್ಲಿಲ್ಲ. ಸಾಹೇಬರನ್ನು ಚಾಪೆಯ ಒಂದು ಬದಿಗೆ ಕೂರಿಸಿದರು. ಪಾಲು ಕೊಟ್ಟದ್ದು ತಪ್ಪಲ್ಲ, ಕರು ಕೊಯ್ದದ್ದೂ ತಪ್ಪಲ್ಲ ಎಂದು ತೀರ್ಮಾನವಾಯಿತು. ಆದರೆ ಮನೆಯಲ್ಲಿ ಅಷ್ಟು ದೊಡ್ಡ ಊಟ ಇಟ್ಟುಕೊಂಡು ಹೊಲದಲ್ಲಿ ದುಡಿಯುವ ಮಗನಿಗೆ ಒಂದಾಳು ಕಳಿಸಿ ಹೇಳಿಲ್ಲ. ಮನೆ ಹತ್ತಿರ ಬಂದ ಮೇಲೆ ಯಾವನೋ ಆಳನ್ನು ಕೇಳಿ ಅವನು ತಿಳಿಯಬೇಕೇ. ತಂದೆ ಆಮೇಲೆ ಹೊರಗೆ ಬಂದು ಬೇಡಿಕೊಂಡನಲ್ಲ, ನನ್ನದೆಲ್ಲ ನಿನ್ನದೇ ಅಂದನಲ್ಲ ಎಂದು ಸಾಹೇಬರು ವಾದ ಮಾಡಿದರು.

ಅಜ್ಜಿ ಬಗ್ಗಲಿಲ್ಲ. "ಎಲ್ಲಾ ನಿಂದ ಅನ್ನೋದು ಬ್ಯಾರೆ, ಊಟಕ್ಕ ಬಾ ಅಂತ ಮೊದಲ ಕರಿಯೋದು ಬ್ಯಾರೆ ರೀ."

ಸಾಹೇಬರು ಬೈಬಲು ತೆರೆದರು, ಮುಚ್ಚಿದರು. ಪಂಚರು ತೀರ್ಪು ಕೊಟ್ಟರು: ದೊಡ್ಡ ಮಗನಿಗೆ ಒಂದು ಆಡಿನ ಮರಿ ಕೊಡತಕ್ಕದ್ದು. ಅಪ್ಪ ಇಲ್ಲಿ ಇಲ್ಲದ್ದರಿಂದ, ಅವನ ಕಡೆ ಯಾರು ಕೂತಿದ್ದಾರೋ ಅವರೇ ಕೊಡತಕ್ಕದ್ದು.

ಸಾಹೇಬರು ಗಾಬರಿಯಿಂದ ನನ್ನತ್ತ ತಿರುಗಿ, ಮಾಸ್ತರ, ನೀವಾದರೂ ಹೇಳಿರಿ ಎಂದರು. ನಾನು ಚುರುಮುರಿ ನುಂಗಿ ಹೇಳಿದೆ. "ನಾ ಉತ್ತರ ಹೇಳಬಾರದಲ್ರಿ, ಸಾಹೇಬ್ರ."

ಅವರೂ ನಗುವ ಮನುಷ್ಯರೇ, ನಕ್ಕರು. ಕೂಟ ಇಷ್ಟು ಮಾತಾಡಿದ್ದು ನೋಡಿ ಸಂತೋಷವಾಯಿತು, ಆದರೆ ಇಷ್ಟು ದಿನ ಮೌನವಾಗಿತ್ತಲ್ಲ, ಮುಂದೆ ನಡೆಸುವುದೋ ಬೇಡವೋ ಎಂದು ರಾಗ ತೆಗೆದರು. ಅಜ್ಜಿ ಅವರನ್ನು ಒಂದೇ ಮಾತು ಕೇಳಿದಳು: ಕಡೀಗೆ ದೊಡ್ಡ ಮಗ ಒಳಗ ಬಂದನೋ ಇಲ್ಲೋ?

ಸಾಹೇಬರು ಹಾಳೆ ತಿರುವಿದರು. ಕಥೆ ಅಲ್ಲಿಗೇ ನಿಂತಿತ್ತು. ಬರೆದಿಲ್ಲ ಎಂದರು.

"ಹಂಗಾರ ಅಂವ ಇನ್ನಾ ಹೊರಗ ನಿಂತಾನ" ಎಂದಳು ಅಜ್ಜಿ. "ಅಂವ ಒಳಗ ಬರೂ ಮಟಾ ಪಂಚಾಯ್ತಿ ಹ್ಯಾಂಗ ಮುಚ್ತೀರಿ?"

ಸಾಹೇಬರು ಕೂಟ ಮುಚ್ಚುವ ಮಾತು ಬಿಟ್ಟರು. ಎಂಬತ್ತರ ದಶಕ ಮುಗಿದು ಅಜ್ಜಿ ತೀರಿಕೊಳ್ಳುವ ತನಕ ಕೂಟ ಆ ಪಡಸಾಲೆಯಲ್ಲೇ ನಡೆಯಿತು, ಆಕೆಯನ್ನು ಪ್ರತಿ ವಾರವೂ ಕೇಳಿದೆವು, ಆಕೆ ಪ್ರತಿ ವಾರವೂ ಹೇಳಿದಳು. ನನಗೆ ಈಗಲೂ ಅದನ್ನು ನೆನೆದರೆ ಖುಷಿಯಾಗುತ್ತದೆ.

ಆದರೆ ಆ ಪಂಚಾಯ್ತಿಯ ಮುಂದಿನ ಭಾನುವಾರದ್ದನ್ನು ಹೇಳದಿದ್ದರೆ ಆಗುವುದಿಲ್ಲ. ಕುಷ್ಟಗಿಯಲ್ಲಿ ನಾನು ತಾವರಗೇರಾ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ಪಾಸ್ಟರ್ ಸಾಹೇಬರು ಕೂತಿದ್ದರು, ಬಿಳಿ ಅಂಗಿ, ಒಂದು ಬಗಲಲ್ಲಿ ಬೈಬಲು, ಇನ್ನೊಂದು ಬಗಲಲ್ಲಿ ಆಡಿನ ಮರಿ. ಮರಿ ಬೈಬಲಿನ ಗುರುತಿನ ದಾರ ತಿನ್ನುತ್ತಿತ್ತು. ಕಂಡಕ್ಟರು ಮರಿಗೂ ಟಿಕೆಟು ಆಗುತ್ತದೆ ಎಂದು ಜಗಳಕ್ಕೆ ನಿಂತಿದ್ದ. ಇದು ಯಾರದು, ನಿಮ್ಮದೇನು ಎಂದು ಕೇಳಿದ.

ಸಾಹೇಬರು ಸುಳ್ಳು ಹೇಳುವವರಲ್ಲ. "ನಂದಲ್ಲಪಾ" ಎಂದರು. "ದೊಡ್ಡ ಮಗಂದು. ಅಂವ ಇನ್ನಾ ಹೊರಗ ನಿಂತಾನ."